ಗುರುಗಳನ್ನು ಕರೆಯಲು ಕಡೆಯ ಗಳಿಗೆಯೇ ಏಕೆ?



ಅಭ್ಯಂಗವೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನ. ನಮ್ಮ ಸಂಘದ ಕಥೋಲಿಕ ಕುಟುಂಬಗಳಿಗೆ ಆ ಪದ ಇನ್ನೊಂದನ್ನೂ ನೆನಪಿಸುತ್ತದೆ: ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಒಂದಾದ ರೋಗಿಗಳ ಅಭ್ಯಂಗ. ಹಬ್ಬದ ಎಣ್ಣೆಗೆ ಹೆದರಿ ಓಡುವವರು ಮಕ್ಕಳು. ಈ ಎಣ್ಣೆಗೆ ಹೆದರುವವರು ದೊಡ್ಡವರು.

ಹೆದರಿಕೆಗೆ ಕಾರಣವಿಲ್ಲದಿಲ್ಲ. ಶತಮಾನಗಳ ಕಾಲ ಇದನ್ನು 'ಕಡೆಯ ಅಭ್ಯಂಗ'ವೆಂದೇ ಕರೆದು, ಮರಣಶಯ್ಯೆಯಲ್ಲಿ ಇದ್ದವರಿಗೆ ಕೊಡುವುದು ವಾಡಿಕೆಯಾಗಿತ್ತು. ಗುರುಗಳು ಹೊಸ್ತಿಲು ತುಳಿದರೆಂದರೆ ವೈದ್ಯರು ಕೈಚೆಲ್ಲಿದರೆಂದೇ ಅರ್ಥ. ಆದರೆ 1963ರಲ್ಲಿಯೇ ಎರಡನೆಯ ವ್ಯಾಟಿಕನ್ ಮಹಾಸಭೆಯು ಇದಕ್ಕೆ 'ರೋಗಿಗಳ ಅಭ್ಯಂಗ'ವೆಂಬ ಹೆಸರೇ ಹೆಚ್ಚು ಯೋಗ್ಯವೆಂದೂ, ಇದು ಸಾಯುವ ಗಳಿಗೆಯಲ್ಲಿರುವವರಿಗೆ ಮಾತ್ರವಲ್ಲವೆಂದೂ ಸ್ಪಷ್ಟಪಡಿಸಿತು. 1972ರಲ್ಲಿ ಪೋಪ್ ಆರನೇ ಪೌಲರು ವಿಧಿಯನ್ನೇ ಪರಿಷ್ಕರಿಸಿದರು. ಹಿಂದೆ ಕಣ್ಣು, ಕಿವಿ, ಮೂಗು, ಬಾಯಿ, ಕೈಕಾಲುಗಳಿಗೆಲ್ಲ ಹಚ್ಚುತ್ತಿದ್ದ ತೈಲವನ್ನು ಈಗ ಹಣೆಗೂ ಅಂಗೈಗಳಿಗೂ ಹಚ್ಚುತ್ತಾರೆ. ಆಲಿವ್ ಎಣ್ಣೆ ದೊರೆಯದ ಕಡೆ ಬೇರೊಂದು ಸಸ್ಯಜನ್ಯ ಎಣ್ಣೆಯೂ ಆದೀತು. ಗಂಭೀರ ಕಾಯಿಲೆಯಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ, ಮುಪ್ಪಿನಿಂದ ಮೈ ಕುಗ್ಗಿದಾಗ ಇದನ್ನು ಪಡೆಯಬಹುದು. ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು.

ವಿಧಿ ಬದಲಾಗಿ ಅರ್ಧ ಶತಮಾನ ಕಳೆದರೂ ನಮ್ಮ ಮನೆಗಳು ಬದಲಾಗಿಲ್ಲ. ನನ್ನ ಮನೆಯೇ ಇದಕ್ಕೆ ಸಾಕ್ಷಿ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಅಪ್ಪ ಹಾಸಿಗೆ ಹಿಡಿದಾಗ, ಗುರುಗಳನ್ನು ಕರೆಸೋಣವೇ ಎಂದು ತಮ್ಮ ಫೋನಿನಲ್ಲಿ ಕೇಳಿದ. "ಈಗಲೇ ಬೇಡ, ಅಪ್ಪ ಹೆದರಿಕೊಂಡಾರು" ಎಂದೆ. ಹನ್ನೊಂದು ದಿನಗಳ ಬಳಿಕ ಗುರುಗಳು ಬಂದಾಗ ಅಪ್ಪನಿಗೆ ಪ್ರಜ್ಞೆಯಿರಲಿಲ್ಲ. ತೈಲ ಹಚ್ಚಿದರು; ಪ್ರಜ್ಞೆ ತಪ್ಪಿದವರಿಗೂ ಅದು ಸಲ್ಲುತ್ತದೆಯೆಂಬುದು ಧರ್ಮಸಭೆಯ ಬೋಧನೆ. ಆದರೆ ಪಾಪನಿವೇದನೆ ಸಾಧ್ಯವಾಗಲಿಲ್ಲ, ಪರಮಪ್ರಸಾದ ಗಂಟಲಿಗಿಳಿಯುವಂತಿರಲಿಲ್ಲ. ನಾನು ಇಂಗ್ಲೆಂಡಿನಲ್ಲಿ ಕುಳಿತು ಮೊಬೈಲಿನ ಪರದೆಯಲ್ಲಿ ನೋಡಿದೆ. ಕೇರಿಯಲ್ಲಿ ಯಾರಿಗೆ ಕಾಯಿಲೆಯಾದರೂ ನಡುರಾತ್ರಿಯಲ್ಲಿ ಗುರುಗಳ ಮನೆಯ ಬಾಗಿಲು ತಟ್ಟುತ್ತಿದ್ದವರು ಅಪ್ಪ. ಅವರು ಹೆದರುತ್ತಿದ್ದರೆ? ಇಲ್ಲ, ಹೆದರಿದವನು ನಾನು.

ರೋಗಿಯ ಧೈರ್ಯ ಕುಂದುತ್ತದೆಂಬ ವಾದವನ್ನು ನಾನೂ ಆಡಿದ್ದೇನೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ತನ್ನ ದೇಹದ ಸ್ಥಿತಿ ರೋಗಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಅವರನ್ನೇ ಕೇಳಬೇಕು. ಬೇಡವೆಂದರೆ ಒತ್ತಾಯಿಸಲಾಗದು, ಕೇಳದೆಯೇ ಅವರ ಪರವಾಗಿ ಬೇಡವೆನ್ನುವ ಅಧಿಕಾರವೂ ನಮಗಿಲ್ಲ.

ಪರದೇಶದಲ್ಲಿರುವ ನಮಗೆ ಇದು ಇನ್ನೂ ಮುಖ್ಯ. ಈ ಸಂಸ್ಕಾರ ಫೋನಿನಲ್ಲಿ ನಡೆಯದು; ಗುರುಗಳು ಬಂದು ತಲೆಯ ಮೇಲೆ ಕೈಯಿಟ್ಟು ತೈಲ ಹಚ್ಚಬೇಕು. ಆದ್ದರಿಂದ ಊರಿನಲ್ಲಿರುವ ತಂದೆತಾಯಿಯರ ಇಚ್ಛೆಯನ್ನು ಅವರು ಮಾತನಾಡಬಲ್ಲಾಗಲೇ ತಿಳಿದುಕೊಳ್ಳಿ. ಇಲ್ಲಿಗೆ ಬಂದವರು ಆಸ್ಪತ್ರೆ ಸೇರಿದರೆ, ಅರ್ಜಿಯಲ್ಲಿ ಧರ್ಮವನ್ನು ನಮೂದಿಸಿದ್ದೇವೆ, ಸುದ್ದಿ ತಾನಾಗಿ ಮುಟ್ಟುತ್ತದೆಂದು ಕೂರಬೇಡಿ. ಬಾಯಿಬಿಟ್ಟು ಕೇಳಿ, ಅದೂ ಕಥೋಲಿಕ ಗುರುಗಳೇ ಬೇಕೆಂದು; ಆ ಹೊತ್ತಿನ ಪಾಳಿಯಲ್ಲಿರುವ ಚಾಪ್ಲಿನ್ ಬೇರೆ ಪಂಗಡದವರಾಗಿದ್ದರೆ ಅವರು ಪ್ರಾರ್ಥಿಸಬಲ್ಲರು, ಈ ಅಭ್ಯಂಗವನ್ನು ನೀಡಲಾರರು. ಗುರುಗಳಿಗೆ ಕನ್ನಡ ಬಾರದಿದ್ದರೂ ಚಿಂತೆಯಿಲ್ಲ. ಶುಭಸಂದೇಶದ ವಾಚನವನ್ನೂ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ಮನೆಯವರು ಕನ್ನಡದಲ್ಲಿ ಹೇಳಬಹುದು.

ಬರುವ ತಿಂಗಳು ಅವ್ವ ಇಲ್ಲಿಗೆ ಬರಲಿದ್ದಾಳೆ. ಎಂಬತ್ತು ದಾಟಿದೆ, ಹೃದಯ ದುರ್ಬಲವಾಗಿದೆ. ಅಳುಕುತ್ತಲೇ ಫೋನಿನಲ್ಲಿ ಕೇಳಿದೆ: ಬಂದಮೇಲೆ ಇಲ್ಲಿನ ಗುರುಗಳಿಂದ ಎಣ್ಣೆ ಹಚ್ಚಿಸಲೇ ಎಂದು.

"ಅದಕ್ಯಾಕೆ ಮಗಾ ಇಷ್ಟು ಮೆಲ್ಲಗೆ ಮಾತಾಡ್ತೀಯಾ? ಕರೆಸು" ಎಂದಳು.