‘ಬೇಡ’ ಅಂದರೆ ಕೆಲಸ ಉಳಿಯುತ್ತದೆಯೇ?



ಹೋದ ತಿಂಗಳ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದರೂ ಒಬ್ಬ ತಾಯಿ ಏಳದೆ ಕೂತೇ ಇದ್ದರು. ಕೇಳಿದಾಗ ಮೆಲ್ಲಗೆ ಮಾತು ತೆಗೆದರು. ಅವರ ಮಗಳಿಗೆ 22 ವರ್ಷ. ಡಿಗ್ರಿ ಮುಗಿಸಿ ಆರು ತಿಂಗಳ ತರಬೇತಿಗೆಂದು ಒಂದು ಕಚೇರಿ ಸೇರಿದ್ದಾಳೆ. ಅಲ್ಲಿನ ಸಾಹೇಬರಿಗೆ 46. ಹೆಂಡತಿಯಿಂದ ದೂರ ಇದ್ದೇನೆ ಅನ್ನುತ್ತಾರೆ. ಸಂಜೆ ತಡವಾದರೆ ಕಾರಿನಲ್ಲಿ ಮನೆಗೆ ಬಿಡುತ್ತಾರೆ. “ನಿನ್ನನ್ನೇ ಮದುವೆಯಾಗುತ್ತೇನೆ, ಒಂದು ಪೈಸೆ ವರದಕ್ಷಿಣೆ ಬೇಡ” ಎಂದಿದ್ದಾರೆ. ತರಬೇತಿಯ ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವರೂ ಅವರೇ, ಕೆಲಸ ಖಾಯಂ ಮಾಡಬೇಕಾದವರೂ ಅವರೇ.

ಸಭೆ ಎರಡು ಪಾಲಾಯಿತು. “ಹುಡುಗಿ ಸದರ ಕೊಟ್ಟಿದ್ದಕ್ಕೇ ಇಷ್ಟೆಲ್ಲಾ” ಎಂದರು ಕೆಲವರು. “ವರದಕ್ಷಿಣೆ ಕೇಳದ ಗಂಡು ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ, ವಯಸ್ಸು ನೋಡ್ಕೊಂಡು ಕೂತರೆ ಆಗುತ್ತಾ?” ಎಂದರು ಇನ್ನು ಕೆಲವರು. ನಾನು, “ಇಬ್ಬರೂ ವಯಸ್ಸಿಗೆ ಬಂದವರು, ನಾವೇಕೆ ಅಡ್ಡ ಬರಬೇಕು?” ಎಂದೆ. ಪ್ರಗತಿಪರವಾಗಿ ಮಾತಾಡಿದೆನೆಂಬ ಸಮಾಧಾನವೂ ನನಗಿತ್ತು. ಆಗ ಇಪ್ಪತ್ತು ವರ್ಷ ಊದುಬತ್ತಿ ಹೊಸೆದ ಒಬ್ಬ ಹಿರಿಯ ಸದಸ್ಯೆ ಕೇಳಿದರು: “ಅಕ್ಕಾ, ಆ ಹುಡುಗಿ ನಾಳೆ ಬೇಡ ಅಂದ್ರೆ ಅವಳ ಕೆಲ್ಸ ಉಳಿಯುತ್ತಾ?”

ನನ್ನ ಬಳಿ ಉತ್ತರವಿರಲಿಲ್ಲ.

ಇಂಥದೇ ಪ್ರಶ್ನೆ ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲೂ ಎದ್ದಿತ್ತು. 1995ರಲ್ಲಿ ಮೋನಿಕಾ ಲೆವಿನ್ಸ್ಕಿ ಸಂಬಳವಿಲ್ಲದ ತರಬೇತಿಗೆ ಶ್ವೇತಭವನ ಸೇರಿದರು. ಅಧ್ಯಕ್ಷ ಬಿಲ್ ಕ್ಲಿಂಟನ್ ಜೊತೆ ಸಂಬಂಧ ಬೆಳೆದಾಗ ಆಕೆಗೆ 22, ಆತನಿಗೆ 49. 1998ರಲ್ಲಿ ವಿಷಯ ಹೊರಬಿದ್ದಾಗ ಆತ ಮೊದಲು ಅಲ್ಲಗಳೆದರು. ಮಹಾಭಿಯೋಗ ನಡೆದರೂ 2001ರವರೆಗೆ ಅಧಿಕಾರದಲ್ಲೇ ಉಳಿದರು. ಆಕೆಯ ಹೆಸರು ಮಾತ್ರ ವರ್ಷಗಟ್ಟಲೆ ಜಗತ್ತಿಗೆಲ್ಲ ಹಾಸ್ಯದ ವಸ್ತುವಾಯಿತು. ಅದು ಇಬ್ಬರ ಒಪ್ಪಿಗೆಯಿಂದಲೇ ನಡೆದದ್ದು ಎಂದು 2014ರಲ್ಲಿ ಬರೆದ ಆಕೆಯೇ, ಅಷ್ಟು ದೊಡ್ಡ ಅಧಿಕಾರದ ಎದುರು ಒಪ್ಪಿಗೆ ಎಂಬ ಮಾತಿಗೆ ಎಷ್ಟು ಅರ್ಥ ಉಳಿಯುತ್ತದೆ ಎಂದು 2018ರಲ್ಲಿ ಮತ್ತೆ ಯೋಚಿಸಿ ಬರೆದರು. ಇದನ್ನು ಕಾಣಲು ಆಕೆಗೆ ಇಪ್ಪತ್ತು ವರ್ಷ ಬೇಕಾಯಿತು.

ವಯಸ್ಸಿನ ಅಂತರ ಅಪರಾಧವಲ್ಲ. ಪ್ರೀತಿಯೂ ಅಲ್ಲ. ಆದರೆ ಒಬ್ಬರ ಅನ್ನ ಇನ್ನೊಬ್ಬರ ಸಹಿಯಲ್ಲಿದ್ದಾಗ ‘ಹೂಂ’ ಅನ್ನುವುದು ಸುಲಭ, ‘ಊಹೂಂ’ ಅನ್ನುವುದು ಕಷ್ಟ. ವರದಕ್ಷಿಣೆಗೆ ನಾವು ಎಷ್ಟು ಹೆದರಿದ್ದೇವೆಂದರೆ, ಗಂಡು ‘ವರದಕ್ಷಿಣೆ ಬೇಡ’ ಅಂದ ಕೂಡಲೇ ಬೇರೆ ಪ್ರಶ್ನೆಗಳನ್ನೆಲ್ಲ ಮರೆಯುತ್ತೇವೆ. ಆತನಿಗೆ ಕೋರ್ಟಿನಿಂದ ವಿಚ್ಛೇದನ ಆಗಿದೆಯೇ? ಆಗದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಂತೆ ಎರಡನೆಯ ಮದುವೆ ಊರ್ಜಿತವೇ ಅಲ್ಲ.

ಕಾನೂನು ನಮ್ಮ ಕೈಗೆ ಸುಮ್ಮನೆ ಬಂದದ್ದಲ್ಲ. ರಾಜಸ್ಥಾನದ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಹೋದ ಭನ್ವಾರಿ ದೇವಿಯವರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ನೋವಿನಿಂದ ಎದ್ದ ಹೋರಾಟದ ಫಲವಾಗಿ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು, 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದವು. ತರಬೇತಿಯ ಹುಡುಗಿಯರು, ಸಂಬಳವಿಲ್ಲದೆ ದುಡಿಯುವವರು, ಮನೆಗೆಲಸದವರು ಎಲ್ಲರೂ ಇದರ ರಕ್ಷಣೆಯಲ್ಲಿದ್ದಾರೆ. ಲೈಂಗಿಕ ಬಯಕೆಯ ಜೊತೆ ಕೆಲಸದ ಆಮಿಷ ಅಥವಾ ಬೆದರಿಕೆ ಸೇರಿದರೆ ಅದು ಕಿರುಕುಳವೇ. ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಅವಕಾಶವುಂಟು.

ಮರುವಾರ ಆ ಹುಡುಗಿಯೇ ನನ್ನ ಜೊತೆ ಮಾತಾಡಿದಳು. “ಅಮ್ಮ ಕೆಲಸ ಬಿಡಿಸಿಬಿಡ್ತಾರೆ ಅನ್ನೋದೇ ನನಗೆ ಭಯ” ಎಂದಳು. ಆತ ಮಾಡಿದ್ದಕ್ಕೆ ಅವಳೇಕೆ ಕೆಲಸ ಬಿಡಬೇಕು? ತನ್ನ ತರಬೇತಿಯ ಉಸ್ತುವಾರಿಯನ್ನು ಬೇರೆ ಅಧಿಕಾರಿಗೆ ವಹಿಸಿ ಎಂದು ಅವಳು ಅರ್ಜಿ ಬರೆದಳು. “ಸಹಿ ಅವರ ಕೈಯಲ್ಲಿ ಇಲ್ಲದಾಗಲೂ ಅವರು ಹೀಗೇ ಇರ್ತಾರಾ ನೋಡ್ತೀನಿ. ನನಗೆ ಏನು ಅನ್ನಿಸುತ್ತೆ ಅಂತಲೂ ಆಗಲೇ ಗೊತ್ತಾಗೋದು” ಎಂದಳು. ನಮಗೆಲ್ಲ ಬುದ್ಧಿ ಹೇಳುವಂಥ ಮಾತು ಅದು.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚಿಸಿ. ನಿಮ್ಮ ಮಗಳು ಇಂಥ ಮಾತು ಹೇಳಿದರೆ ಬೈಯಬೇಡಿ, ಕೆಲಸ ಬಿಡಿಸಬೇಡಿ. ಮೊದಲು ಕೇಳಿಸಿಕೊಳ್ಳಿ. ‘ಬೇಡ’ ಅನ್ನಲು ಅವಳಿಗೆ ಧೈರ್ಯ ಬರಬೇಕಾದರೆ, ಹಾಗಂದ ಮೇಲೆ ನಿಲ್ಲಲು ಒಂದು ಮನೆಯೂ ಒಂದು ಸಂಘವೂ ಇರಬೇಕು.

– ಸಂಪಾದಕಿ