ಚಿಕ್ಕ ಕೈಗೆ ಚಿಕ್ಕ ಪಿಸ್ತೂಲೇ?

'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಎಂಬುದು ನಮ್ಮಲ್ಲಿ ಬಳಕೆಯ ಗಾದೆ. ಪಿಸ್ತೂಲಿನ ಮಟ್ಟಿಗೆ ಇದನ್ನು ತುಸು ತಿದ್ದಿ, ಮೂರ್ತಿ ಚಿಕ್ಕದಾದಷ್ಟೂ ಒದೆತ ದೊಡ್ಡದು ಎನ್ನಬೇಕಾಗುತ್ತದೆ. ಲೋಕದ ನಂಬಿಕೆಯಾದರೋ ಇದಕ್ಕೆ ತದ್ವಿರುದ್ಧ. ಹೆಂಗಸರ ಕೈ ಮೃದು, ಆದ್ದರಿಂದ ಅವರಿಗೆ ಪುಟ್ಟದಾದ ಹಗುರ ಪಿಸ್ತೂಲೇ ತಕ್ಕದ್ದು ಎಂದು ಬಹುಮಂದಿ ಭಾವಿಸಿದ್ದಾರೆ. ಈ ಭಾವನೆ ತಪ್ಪೆಂಬುದೇ ನನ್ನ ವಾದ.

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದಿಂದ ದೇಶವೇ ತಲ್ಲಣಿಸಿತು. ಅದಾಗಿ ಒಂದು ವರ್ಷ ಕಳೆದ ಮೇಲೆ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆಯು 'ನಿರ್ಭೀಕ್' ಎಂಬ .32 ರಿವಾಲ್ವರನ್ನು ಸ್ತ್ರೀಯರಿಗೆಂದೇ ಹೊರತಂದಿತು. ತೂಕ 500 ಗ್ರಾಂ. ಬೆಲೆ 1,20,000 ರೂಪಾಯಿಗೂ ಮೇಲೆ. ಕೈಚೀಲದಲ್ಲಿ ಹಿಡಿಸುವಷ್ಟು ಹಗುರವೆಂಬುದೇ ಅದರ ಹೆಗ್ಗಳಿಕೆಯಾಯಿತು. ಹೊರುವವಳಿಗೆ ಹಗುರ, ನಿಜ, ಆದರೆ ಹಾರಿಸುವವಳಿಗೆ?

ನಾನು ಕಲಾ ವಿಭಾಗದ ವಿದ್ಯಾರ್ಥಿ. ಆದರೂ ಹೈಸ್ಕೂಲಿನಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮ ಇಲ್ಲಿಗೆ ಸಾಕು. ಗುಂಡು ಮುಂದಕ್ಕೆ ಹಾರಿದಷ್ಟೇ ಬಲದಿಂದ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. 6 ಗ್ರಾಂ ತೂಕದ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟಿತೆಂದು ಇಟ್ಟುಕೊಳ್ಳೋಣ. ಮದ್ದಿನ ಹೊಗೆಯ ಲೆಕ್ಕವನ್ನು ಬಿಡೋಣ. 1000 ಗ್ರಾಂ ತೂಕದ ಪಿಸ್ತೂಲು ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ಹಿಂದೆ ಸರಿದರೆ, 500 ಗ್ರಾಂ ತೂಕದ್ದು 2.4 ಮೀಟರ್ ವೇಗದಲ್ಲಿ ಸರಿಯುತ್ತದೆ. ತೂಕ ಅರ್ಧವಾದಾಗ ಅಂಗೈಗೆ ತಗಲುವ ಶಕ್ತಿ ಎರಡರಷ್ಟಾಯಿತು. ನಳಿಗೆ ಗಿಡ್ಡವಾದರೆ ಗುಂಡಿನ ವೇಗ ಕೊಂಚ ಕುಗ್ಗುವುದುಂಟು. ಆದರೆ ತೂಕ ಇಳಿದ ನಷ್ಟವನ್ನು ಅದು ತುಂಬಿಕೊಡಲಾರದು.

ಪಿಸ್ತೂಲಿನ ಬಾಯಿ ಮೇಲಕ್ಕೆ ನೆಗೆಯುವುದೇಕೆ? ನಳಿಗೆಯಿರುವುದು ಹಿಡಿದ ಕೈಗಿಂತ ಮೇಲೆ. ಒದೆತವು ನಳಿಗೆಯ ನೇರದಲ್ಲಿ ಹಿಂದಕ್ಕೆ ಬರುವುದರಿಂದ, ಕೈಯೇ ತಿರುಗಣಿಯಾಗಿ ಮೂತಿ ಮೇಲೇಳುತ್ತದೆ. ಒಂದು ತುದಿಯನ್ನು ಹಿಡಿದು ಒನಕೆಯನ್ನು ಥಟ್ಟನೆ ಮೇಲಕ್ಕೆ ತಿರುಗಿಸುವುದು ಕಷ್ಟ. ಸೌಟನ್ನಾದರೆ ಮಗುವೂ ತಿರುಗಿಸೀತು. ಉದ್ದವಾದ, ಮುಂಭಾರದ ನಳಿಗೆ ಒನಕೆಯಂತೆ ಜಗ್ಗದೆ ನಿಲ್ಲುತ್ತದೆ. ಗಿಡ್ಡ ನಳಿಗೆ ಸೌಟಿನಂತೆ ನೆಗೆಯುತ್ತದೆ.

ಹಿಡಿಕೆಯದೂ ಇದೇ ಕಥೆ. ತುಂಬಿದ ಬಕೆಟ್ಟಿನ ತಂತಿ ಅಂಗೈಯನ್ನು ಕೊಯ್ಯುತ್ತದೆ. ಅದೇ ತಂತಿಗೆ ಮರದ ಹಿಡಿ ಇದ್ದರೆ ನೋವಿಲ್ಲ. ಪುಟ್ಟ ಹಿಡಿಕೆಯ ಮೇಲೆ ಕಿರುಬೆರಳಿಗೆ ಜಾಗವಿಲ್ಲ. ಒದೆತವೆಲ್ಲ ಅಂಗೈಯ ಚಿಕ್ಕ ಭಾಗಕ್ಕೇ ಬೀಳುತ್ತದೆ. ಇನ್ನು ತಾನೇ ತೋಟಾ ತುಂಬಿಕೊಳ್ಳುವ ಪಿಸ್ತೂಲಾದರೆ, ಅದು ಚಿಕ್ಕದಾದಷ್ಟೂ ಒಳಗಿನ ಸ್ಪ್ರಿಂಗು ಸಾಮಾನ್ಯವಾಗಿ ಬಿಗಿ. ಅದನ್ನು ಹಿಂದಕ್ಕೆಳೆಯಲು ಬಲವಾದ ಬೆರಳೇ ಬೇಕು. ಮೃದುವಾದ ಕೈಗೆಂದು ಆರಿಸಿದ ವಸ್ತು ಗಟ್ಟಿ ಕೈಯನ್ನು ಕೇಳುವುದು ವಿಪರ್ಯಾಸವಲ್ಲವೇ?

.32 ತೋಟಾ ಅಷ್ಟೇನೂ ಉಗ್ರವಾದುದಲ್ಲ, ಆದ್ದರಿಂದ ಭಯಪಡಬೇಕಾಗಿಲ್ಲ ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ಆದರೆ ಆ ಸೌಮ್ಯತೆ ಬಂದದ್ದು ತೋಟಾದಿಂದಲೇ ಹೊರತು ಪಿಸ್ತೂಲು ಹಗುರವಾದುದರಿಂದಲ್ಲ. ಕೈಗೆ ಹಿತವಾಗಬೇಕಾದರೆ ತೋಟಾ ಚಿಕ್ಕದಿರಬೇಕು, ಪಿಸ್ತೂಲು ತಕ್ಕಷ್ಟು ಭಾರವಿರಬೇಕು. ನಮ್ಮ ಎನ್.ಸಿ.ಸಿ. ಗೆಳೆಯ ಗೆಳತಿಯರಿಗೆ ಇದು ಹೊಸದಲ್ಲ. ಅವರು ಹಾರಿಸುವ .22 ರೈಫಲು ಭಾರವಾದದ್ದು, ಗುಂಡು ಪುಟ್ಟದು; ಭುಜಕ್ಕೆ ನೋವೇ ಆಗದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ರಾಹಿ ಸರ್ನೋಬತ್ ಚಿನ್ನ ಗೆದ್ದ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿಯೂ ತೋಟಾ ಅದೇ .22, ಪಿಸ್ತೂಲಿನ ತೂಕಕ್ಕೆ ಮಾತ್ರ 1400 ಗ್ರಾಂವರೆಗೆ ಅವಕಾಶವಿದೆ. ಗೆಲ್ಲಬೇಕೆಂಬ ಕಡೆಯಲ್ಲಿ ಹೆಂಗಸರ ಕೈಗೆಂದು ಯಾರೂ ತೂಕ ಇಳಿಸಲಿಲ್ಲ.

ಇದು ಬರಿಯ ನೋವಿನ ಪ್ರಶ್ನೆಯೂ ಅಲ್ಲ. ಒಮ್ಮೆ ಒದೆತ ತಿಂದ ಕೈ ಮುಂದಿನ ಸಲ ಗುಂಡು ಹಾರುವ ಮೊದಲೇ ಬೆದರುತ್ತದೆ, ಕಣ್ಣು ಮುಚ್ಚುತ್ತದೆ, ಗುರಿ ತಪ್ಪುತ್ತದೆ. ನೋವಿಗಂಜಿ ಅಭ್ಯಾಸವೂ ನಿಲ್ಲುತ್ತದೆ. ಬಸ್ ನಿಲ್ದಾಣದಂಥ ಜನನಿಬಿಡ ಸ್ಥಳದಲ್ಲಿ ಗುರಿ ತಪ್ಪಿದ ಗುಂಡು ಯಾರ ಮನೆಯ ಮಗುವನ್ನು ತಾಗೀತೋ ಬಲ್ಲವರಾರು?

ಸಹಪಾಠಿನಿಯರೆಲ್ಲ ಆಯುಧ ಧರಿಸಲಿ ಎಂದು ನಾನು ಹೇಳುತ್ತಿಲ್ಲ. ಬೀದಿಯಲ್ಲಿ ದೀಪ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ದೂರನ್ನು ಕೇಳುವ ಪೋಲೀಸು ಠಾಣೆ: ಇವು ಎಲ್ಲ ಪಿಸ್ತೂಲಿಗಿಂತ ಮೊದಲು ಬರಬೇಕಾದವು. ಆದರೆ ಸ್ತ್ರೀಯರಿಗೆಂದು ಏನನ್ನೇ ಮಾಡಹೊರಟವರು, ಚಿಕ್ಕದಾಗಿಸಿ ಹಗುರವಾಗಿಸಿದರೆ ಉಪಕಾರವಾಯಿತೆಂದು ತಿಳಿಯಬಾರದು. ಮೊದಲು ಅವರ ಕೈಗೆ ಕೊಟ್ಟು ನಾಲ್ಕಾರು ಬಾರಿ ಹಾರಿಸಿ ನೋಡಲು ಹೇಳಲಿ. ಅವರ ಅಂಗೈಯ ಮಾತನ್ನು ಕೇಳಿ ಆಮೇಲೆ ತೂಕವನ್ನು ಗೊತ್ತುಮಾಡಲಿ.