ಸುಲಿಯುವ ಕೈಗೆ ಅಟ್ಟ ಯಾವಾಗ?

ತುಮಕೂರು ಸೀಮೆಗೆ ಕಲ್ಪತರು ನಾಡು ಅಂತ ಹೆಸರು. ಬೇಡಿದ್ದನ್ನು ಕೊಡುವ ಮರವಂತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಆ ಮರ ಹತ್ತಿದವರು ನಾವು. ಕಾಯಿ ಕೆಡವಿದವರು ನಾವು. ಸುಲಿದವರು ನಾವು. ಮಟ್ಟೆ ಹೊತ್ತವರು ನಮ್ಮ ಹೆಣ್ಣುಮಕ್ಕಳು. ನಾವು ಬೇಡಿದ್ದನ್ನು ಆ ಮರ ಯಾವತ್ತು ಕೊಟ್ಟಿದೆ? ನಾವು ಸುಲಿದ ಕಾಯಿ ಗರ್ಭಗುಡಿಯೊಳಕ್ಕೆ ಹೋಗುತ್ತದೆ. ಸುಲಿದ ಕೈ ಹೊರಗೇ ನಿಲ್ಲುತ್ತದೆ.

ಈಗ ನಮಗೆ ಹೊಸ ಮಂತ್ರವೊಂದನ್ನು ಹೇಳಿಕೊಡುತ್ತಿದ್ದಾರೆ: ಕೆಲಸ ಕೇಳುವವರಾಗಬೇಡಿ, ಕೆಲಸ ಕೊಡುವವರಾಗಿ. ಮಂತ್ರ ಕೆಟ್ಟದ್ದಲ್ಲ. 2005ರಲ್ಲಿ ಮಿಲಿಂದ್ ಕಾಂಬ್ಳೆಯವರು ಪುಣೆಯಲ್ಲಿ ದಲಿತ ಉದ್ಯಮಿಗಳ ಚೇಂಬರ್ ಕಟ್ಟಿದರು. ಅದು ‘ಡಿಕ್ಕಿ’ ಎಂದೇ ಹೆಸರಾಯಿತು. ನಮ್ಮ ಬೆಂಗಳೂರಿನಲ್ಲೂ ಕರ್ನಾಟಕ ದಲಿತ ಉದ್ಯಮಿಗಳ ಸಂಘ ಇದೆ. ಈ ಸಂಘಗಳು ಬೇಕೆ, ಬೇಡವೆ? ಬೇಕಾದರೆ ಯಾರಿಗಾಗಿ? ಇದನ್ನು ಹಟ್ಟಿಯ ಕಡೆಯಿಂದ ಕೇಳಬೇಕಾದ ಕಾಲ ಬಂದಿದೆ.

ಮೊದಲು ನಮ್ಮ ಜೊತೆಗಾರರಿಗೆ ಒಂದು ಮಾತು. ‘ವ್ಯಾಪಾರ ಅಂದ್ರೆ ಬಂಡವಾಳಶಾಹಿ, ಅದು ನಮಗ್ಯಾಕೆ’ ಅನ್ನುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಗೆಳೆಯರೇ, ಶಕ್ತಿಯಿದ್ದರೂ ಶೂದ್ರ ಹಣ ಕೂಡಿಡಬಾರದು ಎಂದು ಕಟ್ಟು ಮಾಡಿದ್ದು ಮನುಸ್ಮೃತಿ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಸುಡಿಸಿದ್ದು ಅದನ್ನೇ. ಸುಟ್ಟ ಪುಸ್ತಕದ ಕಟ್ಟಳೆಯನ್ನು ಕ್ರಾಂತಿಯ ಹೆಸರಿನಲ್ಲಿ ನಾವೇ ಪಾಲಿಸಬೇಕೆ? ಹಾಗೆಂದು ಅಂಗಡಿ ತೆರೆದ ಮಾತ್ರಕ್ಕೆ ವಿಮೋಚನೆ ಆಯಿತು ಅನ್ನುವುದೂ ಸುಳ್ಳು. 1938ರಲ್ಲಿ ಮನ್ಮಾಡಿನ ರೈಲ್ವೆ ಕಾರ್ಮಿಕರ ಮುಂದೆ ಬಾಬಾಸಾಹೇಬರು ಹೆಸರಿಸಿದ್ದು ಇಬ್ಬರು ಶತ್ರುಗಳನ್ನು: ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ. ಒಬ್ಬನನ್ನು ಹೊಡೆಯಲು ಇನ್ನೊಬ್ಬನ ಮನೆಗೆ ಜೀತಕ್ಕೆ ಹೋಗಿ ಎಂದು ಅವರು ಹೇಳಲಿಲ್ಲ.

ಇನ್ನು ಊರ ಜಗಲಿಯ ಮಾತು. ‘ನಿಮ್ಮೋರೇ ಕಾರಲ್ಲಿ ಓಡಾಡ್ತಾರಲ್ಲ, ಇನ್ಯಾಕ್ರೋ ಮೀಸಲಾತಿ?’ ಸ್ವಾಮಿ, ನಮ್ಮ ಹಟ್ಟಿಯ ಹೆಣ್ಣುಮಗಳು ಊರ ನಡುಬೀದಿಯಲ್ಲಿ ಇಡ್ಲಿ ಅಂಗಡಿ ಇಡುತ್ತಾಳೆ, ಬಂದು ತಿನ್ನುತ್ತೀರಾ? ಅವಳಿಗೆ ಮಳಿಗೆ ಬಾಡಿಗೆಗೆ ಕೊಡುತ್ತೀರಾ? ಬಂಡವಾಳ ಎಲ್ಲಿಂದಲೋ ಹೊಂಚಬಹುದು. ಗಿರಾಕಿಯ ನಾಲಗೆಯ ಮೇಲೆ ಕೂತ ಜಾತಿಯನ್ನು ಯಾವ ಬ್ಯಾಂಕಿನ ಸಾಲ ಇಳಿಸುತ್ತದೆ? ಹತ್ತು ಮಂದಿ ಕಾರಿನಲ್ಲಿ ಹೋದರೆ ಹಟ್ಟಿ ಊರೊಳಗೆ ಬಂದಂತಾಗಲಿಲ್ಲ.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರು ಅಮೆರಿಕದ ಕಪ್ಪು ಜನ. 1946ರಲ್ಲಿ ಬಾಬಾಸಾಹೇಬರು ಅವರ ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಅವರ ಪ್ಯಾಂಥರ್ ಹೆಸರನ್ನೇ ಇಟ್ಟುಕೊಂಡರು. 2002ರ ಭೋಪಾಲ್ ಘೋಷಣೆ ಸರ್ಕಾರದ ಖರೀದಿಯಲ್ಲಿ, ಗುತ್ತಿಗೆಯಲ್ಲಿ ದಲಿತರಿಗೆ ಪಾಲು ಕೇಳಿದಾಗ ಮುಂದಿಟ್ಟುಕೊಂಡದ್ದೂ ಅಮೆರಿಕದ ಮಾದರಿಯನ್ನೇ. ಹಾಗಾದರೆ ಅವರ ಅನುಭವ ಏನು ಹೇಳುತ್ತದೆ?

1900ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಬಾಸ್ಟನ್ನಿನಲ್ಲಿ ನೀಗ್ರೋ ಬಿಸಿನೆಸ್ ಲೀಗ್ ಕಟ್ಟಿದರು. ಮೊದಲು ಕಸುಬು, ಆಸ್ತಿ. ಹಕ್ಕಿನ ಮಾತು ಆಮೇಲೆ ಎನ್ನುವುದು ಅವರ ದಾರಿ. ಹಕ್ಕಿಲ್ಲದವನ ಆಸ್ತಿ ನಿಲ್ಲುವುದಿಲ್ಲ ಎಂದು ಡುಬಾಯ್ಸ್ ವಾದಿಸಿದರು. ಟಲ್ಸಾ ಎಂಬ ಊರಿನ ಗ್ರೀನ್‌ವುಡ್‌ನಲ್ಲಿ ಕಪ್ಪು ಜನ ತಮ್ಮದೇ ಅಂಗಡಿ, ಹೋಟೆಲು, ಚಿತ್ರಮಂದಿರ ಕಟ್ಟಿಕೊಂಡು ಬಾಳಿದರು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಆ ಪೇಟೆಗೆ ಪೇಟೆಯನ್ನೇ ಸುಟ್ಟಿತು. ವಿಮೆ ಕಂಪನಿಗಳು ಕೈಯೆತ್ತಿದವು. ಮುಂದೆ 1986ರಲ್ಲಿ, ದೊಡ್ಡ ಕಂಪನಿಗಳ ಮೇಲಿನ ಕುರ್ಚಿಗೆ ಏರಿದ 19 ಮಂದಿ ಕಪ್ಪು ಅಧಿಕಾರಿಗಳು ಎಕ್ಸಿಕ್ಯುಟಿವ್ ಲೀಡರ್‌ಶಿಪ್ ಕೌನ್ಸಿಲ್ ಕಟ್ಟಿದರು. ಬಡ ಹುಡುಗರಿಗೆ ವಿದ್ಯಾರ್ಥಿವೇತನ ಕೊಟ್ಟರು, ತಮ್ಮವರನ್ನು ಮೇಲೆತ್ತಿದರು. ಒಳ್ಳೆಯ ಕೆಲಸವೇ. ಆದರೆ 2020ರಲ್ಲಿ ಮಿನಿಯಾಪೊಲಿಸ್‌ನ ಬೀದಿಯಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಉಸಿರು ಬಿಟ್ಟಾಗ, ಮೇಲಿನ ಕುರ್ಚಿಗಳು ಅವನನ್ನು ಕಾಯಲಿಲ್ಲ. ಸಂಘ ಬೇಕು, ಆದರೆ ಬೀದಿಯ ಹೋರಾಟವನ್ನು ಬಿಟ್ಟ ಸಂಘದಿಂದ ಬೀದಿಯವನಿಗೆ ರಕ್ಷಣೆಯಿಲ್ಲ. ಇದು ಅವರ ಪಾಠ.

ಈ ಪಾಠವನ್ನು ನಮ್ಮ ತೋಟಕ್ಕೆ ತಂದು ನೋಡೋಣ. ಉಂಡೆ ಕೊಬ್ಬರಿ ಹೇಗಾಗುತ್ತದೆ? ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಡುತ್ತದೆ. ಕಾಯಿ ಕೊಬ್ಬರಿಯಾಗಬೇಕಾದರೆ ಕಾಯಬೇಕು. ಕಾಯುವ ಶಕ್ತಿ ಯಾರಿಗಿದೆ? ತೋಟ ಇದ್ದವನಿಗೆ, ಅಟ್ಟ ಇದ್ದವನಿಗೆ, ವರ್ಷವಿಡೀ ಉಣ್ಣಲು ಬೇರೆ ದಾರಿ ಇದ್ದವನಿಗೆ. ನಾಲ್ಕು ಮರ ಇರುವ ನಮ್ಮವನು ಅಂಗಡಿ ಸಾಲಕ್ಕೆ, ಮಗಳ ಬಾಣಂತನಕ್ಕೆ ಹಸಿಕಾಯನ್ನೇ ಸಿಕ್ಕ ಬೆಲೆಗೆ ಮಾರುತ್ತಾನೆ. ಮರವೇ ಇಲ್ಲದವನು ಮಾರುವುದು ಇವತ್ತಿನ ರಟ್ಟೆಯನ್ನು. ಅವನಿಗೆ ನಾಳೆ ಎಂಬುದು ದೂರದ ಊರು. ಬಂಡವಾಳ ಎಂದರೆ ಬೇರೇನೂ ಅಲ್ಲ, ಕಾಯುವ ಶಕ್ತಿ. ಅದನ್ನೇ ನಮ್ಮಿಂದ ತಲೆತಲಾಂತರದಿಂದ ಕಸಿದಿದ್ದಾರೆ.

ಬೆಂಬಲ ಬೆಲೆಯ ಮಾತನ್ನೇ ತೆಗೆದುಕೊಳ್ಳಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಗೊತ್ತು ಮಾಡಿದರು. ಬೆಳೆಗಾರರು ಹೋರಾಡಿ ಕೇಳಿದರು, ಅವರ ಹೋರಾಟ ನ್ಯಾಯವಾದದ್ದೇ. ಆದರೆ ನಾಫೆಡ್ ಖರೀದಿಗೆ ಹೆಸರು ಬರೆಸಲು ಪಹಣಿ ಬೇಕು. ಪಹಣಿಯಲ್ಲಿ ಸುಲಿದವನ ಹೆಸರಿಲ್ಲ, ಮರ ಹತ್ತಿದವನ ಹೆಸರಿಲ್ಲ. ಕೊಬ್ಬರಿ ಬೆಲೆ ಬಿದ್ದರೆ ಮೊದಲು ಮುರಿಯುವುದು ನಮ್ಮ ಕೂಲಿ. ಬೆಲೆ ಏರಿದರೆ ಕೊನೆಗೆ ಏರುವುದೂ ನಮ್ಮ ಕೂಲಿಯೇ.

ಸರ್ಕಾರ ಏನೂ ಕೊಟ್ಟಿಲ್ಲವೇ? ಕಾಗದದಲ್ಲಿ ಕೊಟ್ಟಿದೆ. ಕೇಂದ್ರದ ಇಲಾಖೆಗಳು ಕೊಳ್ಳುವುದರಲ್ಲಿ 4% ಪರಿಶಿಷ್ಟರ ಸಣ್ಣ ಉದ್ಯಮಗಳಿಂದ ಆಗಬೇಕು ಎಂದು 2012ರಲ್ಲಿ ಆದೇಶ ಮಾಡಿತು. ಹತ್ತು ವರ್ಷ ಕಳೆದರೂ ಆ ಗುರಿ ಮುಟ್ಟಲಿಲ್ಲ. 2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಎಂದು, ಒಂದೊಂದು ಬ್ಯಾಂಕ್ ಶಾಖೆ ಪರಿಶಿಷ್ಟರಲ್ಲಿ ಕನಿಷ್ಠ ಒಬ್ಬರಿಗೆ ಸಾಲ ಕೊಡಬೇಕೆಂದರು. ಆ ಯೋಜನೆಯ ಸಾಲ ಶುರುವಾಗುತ್ತಿದ್ದುದೇ 10 ಲಕ್ಷದಿಂದ! ಕಾಯಿ ಸುಲಿಯುವವನು ಆ ಬಾಗಿಲು ತಟ್ಟುವುದು ಹೇಗೆ ಸಾಧ್ಯವಿತ್ತು? ನಮ್ಮ ರಾಜ್ಯ ಕಾಮಗಾರಿ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ 17.15%, ಪಂಗಡಕ್ಕೆ 6.95% ಮೀಸಲಿಟ್ಟಿತು. 50 ಲಕ್ಷದ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಿತು. ಇದು ಹೋರಾಟದಿಂದ ಬಂದ ಗೆಲುವು. ಆದರೆ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಗುಟ್ಟೊಂದಿದೆ: ಲೈಸೆನ್ಸು ನಮ್ಮವನದು, ಬಿಲ್ಲು ಗೌಡರದು. ಹೆಸರು ಬಾಡಿಗೆಗೆ ಕೊಟ್ಟವನು ಗುತ್ತಿಗೆದಾರನಲ್ಲ, ಹೊಸ ಬಗೆಯ ಜೀತದಾಳು.

ಆದ್ದರಿಂದ ದಲಿತ ಉದ್ಯಮಿ ಬಂಧುಗಳೇ, ನೀವು ಬೆಳೆದದ್ದು ನಮಗೆ ಹೆಮ್ಮೆ. ಹೊಟ್ಟೆಕಿಚ್ಚಿಲ್ಲ. ಆದರೆ ಬೆಂಗಳೂರಿನ ಹೋಟೆಲಿನ ಸಭಾಂಗಣದಿಂದ ಕಿಬ್ಬನಹಳ್ಳಿ ಕ್ರಾಸಿಗೆ ಇಳಿದು ಬನ್ನಿ. ಹಟ್ಟಿಯ ಕೂಲಿಗಳು ಸೇರಿ ಸಹಕಾರ ಸಂಘ ಕಟ್ಟಿದರೆ ಅದರ ಸಾಲಕ್ಕೆ ಜಾಮೀನು ನಿಲ್ಲಿ. ಅವರದೇ ಒಂದು ಅಟ್ಟ, ಒಂದು ಗೋದಾಮು, ಒಂದು ತಕ್ಕಡಿ ಆಗಲಿ. ತಿಪಟೂರಿನ, ಹುಳಿಯಾರಿನ ಮಾರುಕಟ್ಟೆಯಲ್ಲಿ ನಮ್ಮ ಮಕ್ಕಳು ಚೀಲ ಹೊರುವ ಹಮಾಲರಾಗಿ ಮಾತ್ರವಲ್ಲ, ಬೆಲೆ ಕೂಗುವ ವರ್ತಕರಾಗಿಯೂ ನಿಲ್ಲಲಿ. ನಾರು, ಚಿಪ್ಪಿನ ಇದ್ದಿಲು ಮಾಡುವ ಕಾರ್ಖಾನೆಯಲ್ಲಿ ನಮ್ಮ ಹೆಂಗಸರು ಧೂಳು ಕುಡಿಯುವ ಆಳುಗಳಾಗದೆ ಪಾಲುದಾರರಾಗಲಿ. ಮರ ಹತ್ತುವವನಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಬಿದ್ದು ಸೊಂಟ ಮುರಿದ ಮೇಲಲ್ಲ, ಹತ್ತುವ ಮೊದಲೇ ಅದನ್ನು ಮಾಡಿಸಿ. ನಿಮ್ಮ ಕಾರ್ಖಾನೆಯಲ್ಲಿ ಮೊದಲು ನೀವೇ ಸರಿಯಾದ ಕೂಲಿ ಕೊಡಿ. ಕೂಲಿ ಮುರಿಯುವ ಸಾಹುಕಾರ ನಮ್ಮ ಜಾತಿಯವನಾದರೂ ಸಾಹುಕಾರನೇ.

ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮಗೂ ಕೆಲಸವಿದೆ. ಹಟ್ಟಿಗೆ ಹೋಗಿ, ಅರ್ಜಿ ಬರೆದುಕೊಡಿ, ಲೆಕ್ಕ ಕಲಿಸಿ. ನಮ್ಮವರ ಹೆಸರಿನಲ್ಲಿ ಯಾರ ಬಿಲ್ಲು ಆಗುತ್ತಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ದಲಿತ ಉದ್ಯಮಿಗಳ ಸಂಘವನ್ನು ನಾವು ಅಳೆಯುವುದು ಎಷ್ಟು ಮಂದಿ ಕೋಟ್ಯಧಿಪತಿಗಳಾದರು ಎಂಬುದರಿಂದಲ್ಲ. ತುರುವೇಕೆರೆಯ ಒಬ್ಬ ಸುಲಿಯುವವ ಈ ವರ್ಷದ ಕಾಯನ್ನು ತನ್ನದೇ ಅಟ್ಟದಲ್ಲಿ ಮುಂದಿನ ವರ್ಷದವರೆಗೆ ಇಟ್ಟುಕೊಳ್ಳಬಲ್ಲನೇ? ಆ ಅಟ್ಟ ಕಟ್ಟಲು ಬನ್ನಿ, ಮಣ್ಣು ಹೊರಲು ನಾವೂ ಇದ್ದೇವೆ.